ಅಪ್ಪನ ಫಾರಂನಲ್ಲಿ ನಾನೊಂದು ಸಾಲು

ನಮ್ಮ ವಂಶಕ್ಕೆ ಡಿಗ್ರಿ ಆಗಿಬರುವುದಿಲ್ಲ ಎಂದು ಹೇಳಿದ್ದು ನಮ್ಮಪ್ಪ. ಬೇರೆಯವರಿಗೆ ಇಂಥ ಮಾತು ಹೇಳಲು ದಾಯಾದಿಗಳಿರುತ್ತಾರೆ, ಎದುರು ಮನೆಯವರಿರುತ್ತಾರೆ. ಅಮೆರಿಕದಲ್ಲಿ ನಮಗೆ ಅಂಥ ಅನುಕೂಲ ಎಲ್ಲಿಂದ ಬರಬೇಕು? ಪಾತ್ರೆ ತೊಳೆಯುವುದು, ಹುಲ್ಲು ಕತ್ತರಿಸುವುದು, ಮಕ್ಕಳಿಗೆ ಅಪಶಕುನ ನುಡಿಯುವುದು, ಎಲ್ಲವನ್ನೂ ಮನೆಮಂದಿಯೇ ಮಾಡಿಕೊಳ್ಳಬೇಕು!

ಹಾಗೆಂದು ಅಪ್ಪ ಬಾಯಿಗೆ ಬಂದಂತೆ ಆಡುವವನಲ್ಲ. ಅವನ ಹತ್ತಿರ ದಾಖಲೆಗಳಿದ್ದವು. ದೊಡ್ಡಪ್ಪ ಬಿ.ಎ. ಎರಡನೇ ವರ್ಷದಲ್ಲಿ ಕಾಲೇಜಿಗೆ ಕೈಮುಗಿದು ಸೈಕಲ್ ಅಂಗಡಿ ಇಟ್ಟ. ಸೋದರತ್ತೆಗೆ ಬಿ.ಕಾಂ. ಕೊನೆಯ ಪರೀಕ್ಷೆಗೆ ಒಂದು ವಾರವಿದೆ ಎನ್ನುವಾಗ ಒಳ್ಳೆಯ ಸಂಬಂಧ ಬಂತು. ಪರೀಕ್ಷೆ ಮುಂದಿನ ವರ್ಷವೂ ಬರುತ್ತದೆ, ಇಂಥ ಸಂಬಂಧ ಬರುತ್ತದೆಯೇ ಎಂದು ಹಿರಿಯರು ಧಾರೆ ಎರೆದುಕೊಟ್ಟರು. ಪರೀಕ್ಷೆ ಪ್ರತಿ ವರ್ಷವೂ ಬಂತು, ಅತ್ತೆ ಹೋಗಲಿಲ್ಲ. ಇನ್ನು ಅಪ್ಪ. ಮೈಸೂರಿನಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದಾಗ ಸಂಜೆ ಕಾಲೇಜಿಗೆ ಮೂರು ಸಲ ಫೀಸು ಕಟ್ಟಿದ, ಮೂರು ಸಲವೂ ಪರೀಕ್ಷೆಯ ಹೊತ್ತಿಗೆ ಸರಿಯಾಗಿ ಹುಣಸೂರು ರಸ್ತೆಯಲ್ಲಿ ಟಿಕೆಟ್ ಹರಿಯುತ್ತಿದ್ದ.

ಅಮ್ಮ ನರ್ಸ್. ಅವಳ ಕೆಲಸದ ಬೆನ್ನು ಹಿಡಿದೇ ನಾವು ಟೆಕ್ಸಾಸಿನ ಯೂಲೆಸ್‌ಗೆ ಬಂದದ್ದು. ಆಗ ಒಬ್ಬಳೇ ಮಗಳಾದ ನನ್ನದು ಆರನೇ ಕ್ಲಾಸು ಮುಗಿದಿತ್ತು. ವಂಶದ ಡಿಗ್ರಿಯ ಮಾತು ಬಂದಾಗಲೆಲ್ಲ ಅಮ್ಮನಿಗೆ ರೇಗುತ್ತಿತ್ತು.

“ಹಾಗಾದ್ರೆ ನಾನೇನು ಓದೇ ಇಲ್ವೇನ್ರೀ?”

“ನಿಂದು ಡಿಪ್ಲೊಮಾ ಕಣೇ. ಡಿಗ್ರಿ ಅಲ್ಲ.”

“ಓಹೋ! ಮತ್ತೆ ನಿಮ್ಮದೇನು, ಮಂತ್ಲಿ ಪಾಸಾ?”

ಅಪ್ಪ ನನ್ನ ಕಡೆ ತಿರುಗಿ, ಹವಾಮಾನ ವರದಿ ಓದುವವರ ದನಿಯಲ್ಲಿ ಹೇಳುತ್ತಿದ್ದ: “ಓದ್ಬೇಡ ಅಂತಲ್ಲ ಮಗಾ. ಓದು, ಚೆನ್ನಾಗಿ ಓದು. ಡಿಗ್ರಿ ಮಾತ್ರ ಆಗಲ್ಲ.”

ಇಂಥ ಮನುಷ್ಯ, ನನಗೆ ಹ್ಯೂಸ್ಟನ್ನಿನ ಯೂನಿವರ್ಸಿಟಿಯಲ್ಲಿ ಅಕೌಂಟಿಂಗ್ ಓದಲು ಸೀಟು ಸಿಕ್ಕಿತೆಂದಾಗ ಏನು ಕೇಳಬೇಕು? ಯಾವ ಕೋರ್ಸು ಅನ್ನಲಿಲ್ಲ. ಎಷ್ಟು ದೂರ ಅನ್ನಲಿಲ್ಲ.

“ಫುಲ್‌ಟೈಮೋ, ಪಾರ್ಟ್‌ಟೈಮೋ?”

“ಫುಲ್‌ಟೈಮ್ ಅಪ್ಪ.”

“ಹಾಗಾದ್ರೆ ಸರಿ. ಇಪ್ಪತ್ನಾಲ್ಕು ತುಂಬೋ ತನಕ ನೀನು ನನ್ನ ಡಿಪೆಂಡೆಂಟ್.”

ಇದು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕಾದ ಸಂಗತಿ. ಇಲ್ಲಿ ಪ್ರತಿ ವರ್ಷ ತೆರಿಗೆಯ ಫಾರಂ ತುಂಬುವಾಗ ನಿಮ್ಮ ಆಸರೆಯಲ್ಲಿ ಇರುವವರು ಯಾರು ಯಾರು ಎಂದು ಒಬ್ಬೊಬ್ಬರ ಹೆಸರನ್ನೂ ಬರೆಯಬೇಕು. ಚಿಕ್ಕ ಮಕ್ಕಳಾದರೆ ತಕರಾರಿಲ್ಲ. ಬೆಳೆದ ಮಕ್ಕಳ ಹೆಸರನ್ನು ಬರೆಯಬೇಕಾದರೆ ಅವರು ಫುಲ್‌ಟೈಮ್ ಓದುತ್ತಿರಬೇಕು, ಇಪ್ಪತ್ನಾಲ್ಕರ ಒಳಗಿರಬೇಕು, ಅರ್ಧ ವರ್ಷಕ್ಕಿಂತ ಹೆಚ್ಚು ನಿಮ್ಮ ಜೊತೆಗೇ ವಾಸವಾಗಿರಬೇಕು, ಹೀಗೆ ಒಂದಷ್ಟು ಷರತ್ತುಗಳು. ಜನ ಇದನ್ನೆಲ್ಲ ಕಂಪ್ಯೂಟರಿಗೋ ಆಡಿಟರಿಗೋ ಒಪ್ಪಿಸಿ ಮರೆತುಬಿಡುತ್ತಾರೆ. ಅಪ್ಪ ಮರೆಯಲಿಲ್ಲ. ಅದಕ್ಕೆ ಕಾರಣ ಅವನ ಹಳೆಯ ಕಸುಬು.

ಕಂಡಕ್ಟರ್ ಆದವನ ಕೈಯಲ್ಲಿ ವೇಬಿಲ್ ಎಂಬ ಹಾಳೆ ಇರುತ್ತದೆ. ಯಾವ ಸ್ಟೇಜಿನಲ್ಲಿ ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು ಎಂಬುದು ಅದರಲ್ಲಿ ಇರಬೇಕು. ಹಾಳೆಯಲ್ಲಿರುವ ತಲೆಗಳೂ ಬಸ್ಸಿನಲ್ಲಿರುವ ತಲೆಗಳೂ ತಾಳೆಯಾಗಬೇಕು. ಆಗದಿದ್ದರೆ? ಚೆಕಿಂಗ್‌ನವರು ಹತ್ತಿದಾಗ ಕೆಲಸ ಹೋಯಿತು! ಇಲ್ಲಿ ಅಪ್ಪ ವಿಮಾನ ನಿಲ್ದಾಣದ ಪಾರ್ಕಿಂಗ್‌ನಿಂದ ಟರ್ಮಿನಲ್‌ಗೆ ಜನರನ್ನು ಸಾಗಿಸುವ ಷಟಲ್ ಬಸ್ಸು ಓಡಿಸುತ್ತಾನೆ. ಟಿಕೆಟ್ ಇಲ್ಲ, ವೇಬಿಲ್ ಇಲ್ಲ, ಯಾರೂ ಕೇಳುವವರಿಲ್ಲ. ಆದರೂ ಹೊರಡುವ ಮುಂಚೆ ಕನ್ನಡಿಯಲ್ಲಿ ತಲೆ ಎಣಿಸದೆ ಬ್ರೇಕ್ ಬಿಡುವುದಿಲ್ಲ. ನಮ್ಮ ಕಾರಿನಲ್ಲೂ ಅಷ್ಟೆ. ಇರುವವರೇ ಮೂವರು, ಅದರಲ್ಲಿ ಒಬ್ಬ ತಾನು, ಇನ್ನೊಬ್ಬಳು ಪಕ್ಕದಲ್ಲೇ ಕೂತ ಹೆಂಡತಿ. “ಮೂರು” ಎಂದು ಹೇಳಿಯೇ ಹೊರಡುವುದು.

ಈ ಹಾಳೆಯಿಲ್ಲದ ಬಾಳಿನಲ್ಲಿ ಅಪ್ಪನಿಗೆ ಸಿಕ್ಕ ಒಂದೇ ವೇಬಿಲ್ ತೆರಿಗೆಯ ಫಾರಂ. ಅದರ ಜೊತೆ ಬರುವ ಸೂಚನೆಗಳ ಪುಸ್ತಕವನ್ನು ಅವನು ಅಡಿಟಿಪ್ಪಣಿ ಸಮೇತ ಓದುತ್ತಿದ್ದ. ಅದರಲ್ಲಿ ಒಂದು ನಿಯಮ ಓದಿ ಅವನಿಗೆ ಅನುಮಾನ ಹುಟ್ಟಿತು. ಮಕ್ಕಳು ಓದುವುದಕ್ಕೆಂದು ಬೇರೆ ಊರಿನಲ್ಲಿದ್ದರೂ ಮನೆಯಲ್ಲೇ ವಾಸವಾಗಿದ್ದಾರೆಂದು ತಿಳಿಯತಕ್ಕದ್ದು ಎಂದು ಅಲ್ಲಿ ಬರೆದಿತ್ತು.

“ಹ್ಯೂಸ್ಟನ್ನಲ್ಲಿದ್ರೂ ಮನೇಲಿದ್ದ ಹಾಗೇ ಅಂತೆ!” ಅಂದ ಅಪ್ಪ. “ಇಷ್ಟು ಒಳ್ಳೆ ಮಾತನ್ನ ಯಾವ ಸರ್ಕಾರಾನೂ ಸುಮ್ ಸುಮ್ನೆ ಹೇಳಲ್ಲ. ಚೆಕಿಂಗ್‌ಗೆ ಬರ್ತಾರೆ ನೋಡ್ತಿರು.”

ಯಾರೂ ಬರುವುದಿಲ್ಲ ಎಂದು ನಾನೂ ಹೇಳಿದೆ, ಅಮ್ಮನೂ ಹೇಳಿದಳು. “ಚೆಕಿಂಗ್‌ನೋರು ಯಾವ ಸ್ಟಾಪಲ್ಲಿ ಹತ್ತುತೀವಿ ಅಂತ ಫೋನ್ ಮಾಡಿ ಹತ್ತುತಾರಾ?” ಎಂದು ಅಪ್ಪ ನಮ್ಮಿಬ್ಬರ ಬಾಯಿಯನ್ನೂ ಮುಚ್ಚಿಸಿದ.

ಹೀಗೆ, ನಾನು ಹ್ಯೂಸ್ಟನ್ನಿನಲ್ಲಿ ಓದುತ್ತಿರುವಾಗಲೇ ಯೂಲೆಸ್ಸಿನಲ್ಲಿ ವಾಸವಾಗಿರತೊಡಗಿದೆ. ನನ್ನ ಚಪ್ಪಲಿ ಬಾಗಿಲ ಬಳಿಯೇ ಇತ್ತು. ವಾರಕ್ಕೊಮ್ಮೆ ದಿಕ್ಕು ಬದಲಿಸುತ್ತಿತ್ತು. ನನ್ನ ಹಾಸಿಗೆಯ ಮೇಲಿನ ಹೊದಿಕೆ ಒಮ್ಮೆ ಮಡಿಸಿಕೊಂಡು, ಒಮ್ಮೆ ಅಸ್ತವ್ಯಸ್ತವಾಗಿ ಇರುತ್ತಿತ್ತು. ಬಚ್ಚಲಿನಲ್ಲಿ ನನ್ನ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಅಪ್ಪ ದಿನಾ ಬೆಳಿಗ್ಗೆ ನೀರಿನಲ್ಲಿ ಅದ್ದಿ ಇಡುತ್ತಿದ್ದ.

“ಇದ್ಯಾಕ್ರೀ?” ಎಂದಳಂತೆ ಅಮ್ಮ.

“ಒಣಗಿದ ಬ್ರಷ್ ನೋಡಿದ್ರೆ ಗೊತ್ತಾಗಲ್ವಾ?”

ಊಟಕ್ಕೆ ಮೂರು ತಟ್ಟೆ ಇಡುವುದೂ ಶುರುವಾಯಿತು. ಅದನ್ನೂ ಕಾನೂನಿನ ಖಾತೆಗೇ ಹಾಕಿದ. ದಿನಾ ಊಟ ಮಾಡದ ತಟ್ಟೆಯೊಂದನ್ನು ತೊಳೆಯುವ ಭಾಗ್ಯ ಯಾವ ಹೆಂಗಸಿಗಿದೆ ಹೇಳಿ! ಅಮ್ಮ ಫೋನಿನಲ್ಲಿ ಗೊಣಗುತ್ತಿದ್ದಳು, ಆದರೆ ತಟ್ಟೆಯನ್ನು ತೆಗೆದಿಡಲಿಲ್ಲ.

ಒಮ್ಮೆ ಅಮ್ಮನ ಆಸ್ಪತ್ರೆಯ ಗೆಳತಿಯ ಕಡೆಯಿಂದ ಧಾರವಾಡದ ಹುಡುಗಿಯೊಬ್ಬಳು ಬಂದಳು. ಹತ್ತಿರದ ರಿಚರ್ಡ್‌ಸನ್‌ನಲ್ಲಿ ಮಾಸ್ಟರ್ಸ್ ಓದಲು ಬಂದವಳು. ಅವಳ ಅಪಾರ್ಟ್‌ಮೆಂಟು ಸಿಗಲು ಇನ್ನೂ ಒಂದು ವಾರವಿತ್ತು. ಪೆಟ್ಟಿಗೆ ಎಳೆದುಕೊಂಡು ಬಂದವಳು ತೆರೆದ ಬಾಗಿಲಿನೊಳಗೆ ನನ್ನ ಕೋಣೆಯನ್ನು ನೋಡಿದಳು.

“ಅಂಕಲ್, ಈ ರೂಮ್ ಖಾಲಿ ಐತಲ್ರಿ. ಇಲ್ಲೇ ಇರ್ಲೇನ್ರಿ?”

“ಖಾಲಿ ಎಲ್ಲಮ್ಮಾ? ನನ್ನ ಮಗಳಿದಾಳೆ.”

“ಎಲ್ಲದಾಳ್ರಿ?”

“ಹ್ಯೂಸ್ಟನ್ನಲ್ಲಿ.”

ಪಾಪ, ಆ ಹುಡುಗಿ ಒಂದು ವಾರ ಸೋಫಾದ ಮೇಲೆ ಮಲಗಿದಳು. ಹೋಗುವಾಗ ಅಮ್ಮನ ಕಿವಿಯಲ್ಲಿ, “ಆಂಟಿ, ಅಂಕಲ್‌ನ್ನ ಯಾರಾರ ಡಾಕ್ಟರಿಗೆ ತೋರ್ಸೀರೇನ್ರಿ?” ಎಂದು ಕೇಳಿದಳಂತೆ. ಅವಳದು ತಪ್ಪೇನೂ ಅಲ್ಲ. ಹೊರಗಿನಿಂದ ನೋಡಿದರೆ ನಮಗೂ ಹಾಗೇ ಅನ್ನಿಸುತ್ತಿತ್ತು.

ಕನ್ನಡದವರು ಸೇರುವ ಯುಗಾದಿಯ ಊಟದಲ್ಲಿ ಇನ್ನೊಂದು ಪ್ರಸಂಗ. ಅಂಕಲ್ ಒಬ್ಬರು ಮಾತಿಗೆ ಮಾತು ಸೇರಿಸುತ್ತ ಕೇಳಿದರು: “ನಿಮ್ಮ ಮಗಳು ಏನ್ಮಾಡ್ತಿದಾಳೆ?”

“ಡಿಪೆಂಡೆಂಟ್ ಆಗಿದಾಳೆ,” ಅಂದ ಅಪ್ಪ, ಎಂಜಿನಿಯರ್ ಆಗಿದಾಳೆ ಎನ್ನುವ ಠೀವಿಯಲ್ಲಿ. “ಫುಲ್‌ಟೈಮ್. ನಿಮ್ಮ ಮಗ?”

“ಅವನು ಡಾಕ್ಟರು. ಸ್ವಂತ ಮನೆ ತಗೊಂಡ. ಈಗ ಪೂರಾ ಇಂಡಿಪೆಂಡೆಂಟ್.”

“ಛೆ ಛೆ,” ಅಂದ ಅಪ್ಪ, ನಿಜವಾದ ಮರುಕದಿಂದ. “ನಿಮ್ಮ ಫಾರಂನಲ್ಲಿ ಈಗ ಇಬ್ಬರೇ!”

ನಾನು ಇದನ್ನೆಲ್ಲ ನಕ್ಕು ಮರೆಯುತ್ತಿದ್ದೆ. ಮರೆತದ್ದರ ಫಲ ಮೊದಲ ವರ್ಷವೇ ಅನುಭವಿಸಬೇಕಾಯಿತು. ಕಾಲೇಜಿನ ಲೈಬ್ರರಿಯಲ್ಲಿ ನನಗೆ ಪುಸ್ತಕ ಜೋಡಿಸುವ ಕೆಲಸ ಸಿಕ್ಕಿತ್ತು. ವಸಂತ ಬಂದಾಗ ಜೊತೆಗಿದ್ದ ಹುಡುಗಿಯರೆಲ್ಲ ಫೋನಿನಲ್ಲೇ ತೆರಿಗೆಯ ಫಾರಂ ತುಂಬುತ್ತಿದ್ದರು. ನಾನೂ ತುಂಬಿದೆ. ನಡುವೆ ಒಂದು ಪ್ರಶ್ನೆ ಬಂತು: ‘ಬೇರೆ ಯಾರಾದರೂ ನಿಮ್ಮನ್ನು ತಮ್ಮ ಡಿಪೆಂಡೆಂಟ್ ಎಂದು ತೋರಿಸಬಹುದೇ?’ ಮೊದಲ ಸಂಬಳ ಎಣಿಸಿದ ಹತ್ತೊಂಬತ್ತರ ಹುಡುಗಿ ಈ ಪ್ರಶ್ನೆಗೆ ಏನು ಹೇಳುತ್ತಾಳೆ? ‘ಇಲ್ಲ’ ಎಂದು ಒತ್ತಿದೆ. ಒತ್ತುವಾಗ ಎದೆ ಸ್ವಲ್ಪ ಉಬ್ಬಿದ್ದೂ ನಿಜ.

ಅಪ್ಪ ಕಳಿಸಿದ ಫಾರಂ ವಾಪಸು ಬಂತು. ಈ ಹೆಸರಿನವಳು ತಾನು ಯಾರ ಡಿಪೆಂಡೆಂಟೂ ಅಲ್ಲ ಎಂದು ಈಗಾಗಲೇ ತಿಳಿಸಿದ್ದಾಳೆ ಎಂಬ ಒಕ್ಕಣೆ. ಅಪ್ಪ ಫೋನ್ ಮಾಡಿದ.

“ಯಾರೋ ನಿನ್ನ ಟ್ಯಾಕ್ಸ್ ನಂಬರ್ ಕದ್ದು ಫಾರಂ ತುಂಬಿದಾರೆ ಮಗಾ. ಪೊಲೀಸ್ ಕಂಪ್ಲೇಂಟ್ ಕೊಡೋಣ.”

“ಯಾರೂ ಕದ್ದಿಲ್ಲ ಅಪ್ಪ. ಅದು… ನಾನೇ ಒತ್ತಿದ್ದು.”

ಆ ಕಡೆ ಹಾಳೆ ಮಡಚುವ ಸದ್ದು ಕೇಳಿತು. ಆಮೇಲೆ, “ಬಸ್ಸೊಳಗೆ ಕೂತ್ಕೊಂಡೇ ಬಸ್ಸಲ್ಲಿಲ್ಲ ಅಂತ ಬರ್ಕೊಟ್ಟೆಯಲ್ಲೇ,” ಅಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಮೂರು ದಿನ ಬ್ರಷ್ಷಿಗೆ ನೀರು ಬೀಳಲಿಲ್ಲ ಎಂದು ಅಮ್ಮ ಹೇಳಿದಳು.

ತಿದ್ದುಪಡಿಗೆ ಬೇರೆ ಫಾರಂ ಇದೆ. ಕಂಪ್ಯೂಟರಿನಲ್ಲೇ ಕಳಿಸಬಹುದು ಎಂದೆ. ಅಪ್ಪ ಒಪ್ಪಲಿಲ್ಲ. ಶನಿವಾರ ನಾಲ್ಕು ತಾಸು ಡ್ರೈವ್ ಮಾಡಿಕೊಂಡು ಹ್ಯೂಸ್ಟನ್ನಿಗೆ ಬಂದ. ಹಾಸ್ಟೆಲಿನ ಪಾರ್ಕಿಂಗ್‌ನಲ್ಲಿ ಕಾರಿನ ಬಾನೆಟ್ಟಿನ ಮೇಲೆ ಹಾಳೆ ಹರಡಿ ನನ್ನ ಸಹಿ ಹಾಕಿಸಿದ, ಎರಡು ಸಲ ಓದಿದ, ಅಂಚೆ ಕಚೇರಿಗೆ ಹೋಗಿ ಕಳಿಸಿದ. ಆಮೇಲೆ ದೋಸೆ ಕೊಡಿಸಿದ. ತಿನ್ನುತ್ತ ಹೇಳಿದ: “ನೀನು ದುಡೀಬೇಡ ಅಂತಲ್ಲ. ಇಳಿಯೋವಾಗ ಹೇಳಿ ಇಳೀಬೇಕು. ಅಷ್ಟೇ.”

ಇನ್ನು ನಗುವ ವಿಷಯವಲ್ಲದ್ದನ್ನು ಹೇಳುತ್ತೇನೆ. ಎರಡನೇ ವರ್ಷ ನಾನು ಅಕೌಂಟಿಂಗ್‌ನ ಮುಖ್ಯ ಪೇಪರಿನಲ್ಲಿ ಫೇಲಾದೆ. ಒಂದು ಸಲವಲ್ಲ, ಎರಡು ಸಲ. ಡಿಸೆಂಬರಿನಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ. ಇನ್ನೊಂದು ಸಲ ಬರೆಯಲು ಅವಕಾಶವಿತ್ತು. ಅದರಲ್ಲೂ ಹೋದರೆ ಆ ಡಿಗ್ರಿಯ ಆಸೆ ಬಿಡಬೇಕು. ಹೇಳಿಕೊಡುವವರು ಮನೆಯಲ್ಲಿ ಯಾರಿದ್ದರು? ಕ್ಲಾಸಿನಲ್ಲಿ ಬೇರೆಯವರು ‘ನಮ್ಮ ಡ್ಯಾಡ್ ಹೇಳಿಕೊಟ್ಟರು’ ಎನ್ನುವಾಗ ನಾನು ಕಿಟಕಿ ನೋಡುತ್ತಿದ್ದೆ.

ಆ ಬೇಸಿಗೆಯಲ್ಲಿ ಆಸ್ಟಿನ್ನಿನಲ್ಲಿ ಕೆಲಸ ಸಿಕ್ಕಿತು. ಡೊಮೇನ್ ಎಂಬ ಬಡಾವಣೆಯಲ್ಲಿ, ಗಾಜಿನ ಕಟ್ಟಡದ ನಾಲ್ಕನೇ ಮಹಡಿಯ ಆಫೀಸು. ಬಂದವರನ್ನು ಕೂರಿಸುವುದು, ಫೋನ್ ಎತ್ತುವುದು, ಮೀಟಿಂಗ್‌ಗಳ ಹೊತ್ತು ಗೊತ್ತುಮಾಡುವುದು. ಮೂರು ತಿಂಗಳು ಯಾರೂ ನನಗೆ ಮಾರ್ಕ್ಸ್ ಕೊಡಲಿಲ್ಲ. ಅದೇ ದೊಡ್ಡ ಸುಖವಾಗಿತ್ತು. ಕೊನೆಗೆ ಮ್ಯಾನೇಜರಮ್ಮ, “ಇಲ್ಲೇ ಪರ್ಮನೆಂಟ್ ಆಗಿ ಇದ್ದುಬಿಡು,” ಎಂದರು. ಇದ್ದುಬಿಡುತ್ತೇನೆ ಎಂದು ನಾನು ಮನಸ್ಸಿನಲ್ಲೇ ಹೂಂಗುಟ್ಟಿದೆ.

ಆಗಸ್ಟಿನ ಒಂದು ಭಾನುವಾರ ಮನೆಗೆ ಬಂದು ಮಧ್ಯಾಹ್ನದ ಕಾಫಿಯ ಹೊತ್ತಿಗೆ ಹೇಳಿದೆ: “ನಾನು ಕಾಲೇಜು ಬಿಡ್ತಿದೀನಿ.”

ಅಮ್ಮ ಸ್ಟವ್ ಆರಿಸಿ ಬಂದು ಕೂತಳು. ನಾನು ಅಪ್ಪನ ಬಾಯಿಯನ್ನೇ ನೋಡುತ್ತಿದ್ದೆ. ನಾನು ಹೇಳಿರಲಿಲ್ಲವೇ ಎಂಬ ಮಾತು ಬಂದೇ ಬರುತ್ತದೆ, ಬಂದರೆ ನನಗೂ ಹಗುರವಾಗುತ್ತದೆ ಎಂದುಕೊಂಡಿದ್ದೆ. ಅಪ್ಪ ಕಾಫಿ ಮುಗಿಸಿದ. ಲೋಟದ ತಳ ನೋಡಿದ.

“ಸರಿ, ಬಿಡು,” ಅಂದ. “ಆದ್ರೆ ಈಗ ಬಿಡಕ್ಕಾಗಲ್ಲ.”

“ಯಾಕೆ?”

“ಡಿಪೆಂಡೆಂಟ್ ಅಂತ ಬರೀಬೇಕಾದ್ರೆ ವರ್ಷಕ್ಕೆ ಐದು ತಿಂಗಳು ಫುಲ್‌ಟೈಮ್ ಓದಿರ್ಬೇಕು. ರೂಲ್ಸು. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್.” ಒಂದೊಂದು ತಿಂಗಳಿಗೂ ಒಂದೊಂದು ಬೆರಳು ಮಡಚಿದ. ಮುಷ್ಟಿ ತುಂಬಿತು. “ಡಿಸೆಂಬರ್ ತನಕ ಹೋಗಿ ಕೂತ್ಕೋ. ಆಮೇಲೆ ಆಸ್ಟಿನ್ನಿಗಾದ್ರೂ ಹೋಗು, ಎಲ್ಲಿಗಾದ್ರೂ ಹೋಗು.”

ನನಗೆ ಅಳು ಬರುವಷ್ಟು ಸಿಟ್ಟು ಬಂತು. ನನ್ನ ಬಾಳೇ ಮುಳುಗುತ್ತಿದೆ, ಈ ಮನುಷ್ಯನಿಗೆ ಫಾರಂನ ಚಿಂತೆ! “ನಿಂಗೆ ನಾನು ಮುಖ್ಯನೋ, ಆ ಹಾಳೆ ಮುಖ್ಯನೋ?” ಎಂದು ಕೂಗಿದೆ. “ಹಾಳೆ,” ಅಂದ ಅಪ್ಪ, ಕಣ್ಣು ಮಿಟುಕಿಸದೆ.

ಆದರೂ ಹೋದೆ. ಮೊದಲ ವರ್ಷ ತಪ್ಪು ಒತ್ತಿದ ಪಾಪ ನನ್ನ ತಲೆಯ ಮೇಲಿತ್ತಲ್ಲ! ಆಸ್ಟಿನ್ನಿನ ಮ್ಯಾನೇಜರಮ್ಮ ಜನವರಿಯವರೆಗೆ ಕಾಯಲು ಒಪ್ಪಿದರು. ಸುಮ್ಮನೆ ಕೂರುವುದಕ್ಕಿಂತ ಎಂದು ಅದೇ ಪೇಪರನ್ನು ಮೂರನೇ ಸಲ ತೆಗೆದುಕೊಂಡೆ. ಹೇಗೂ ಬಿಟ್ಟುಹೋಗುವವಳು, ನಾಚಿಕೆ ಏನು? ಪ್ರೊಫೆಸರರ ಬಾಗಿಲಿಗೆ ವಾರಕ್ಕೆರಡು ಸಲ ಹೋಗಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಮೊದಲ ಬಾರಿಗೆ ಬಾಯಿಬಿಟ್ಟು ಕೇಳಿದೆ. ಅದೊಂದು ವಿದ್ಯೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ಕಲಿತಿರಲಿಲ್ಲ.

ಡಿಸೆಂಬರಿನಲ್ಲಿ ಪಾಸಾದೆ. ಸಿ ಗ್ರೇಡು! ಹಬ್ಬ ಮಾಡುವಂಥ ಗ್ರೇಡಲ್ಲ. ಅಮ್ಮ ಮಾಡಿದಳು, ಪಾಯಸ ಸಮೇತ. ಅಪ್ಪ ಎರಡು ಲೋಟ ಕುಡಿದು, “ಪೇಪರ್ ಪಾಸಾಗೋದು ಬೇರೆ, ಡಿಗ್ರಿ ಆಗೋದು ಬೇರೆ,” ಅಂದ.

ಜನವರಿ ಬಂತು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ. “ಹೊಸ ವರ್ಷ, ಹೊಸ ಫಾರಂ,” ಅಂದ ಅಪ್ಪ. “ಜನವರಿ, ಫೆಬ್ರವರಿ, ಮಾರ್ಚ್, ಏಪ್ರಿಲ್, ಮೇ.” ಮತ್ತೆ ಮುಷ್ಟಿ ತುಂಬಿತು.

“ಅಪ್ಪಾ, ಈ ಲೆಕ್ಕದಲ್ಲಿ ಮನುಷ್ಯ ಕಾಲೇಜು ಬಿಡೋದು ಯಾವಾಗ?”

“ಇಪ್ಪತ್ನಾಲ್ಕು ತುಂಬಿದ ಮೇಲೆ.”

ಆಸ್ಟಿನ್ನಿನ ಕುರ್ಚಿಯಲ್ಲಿ ಬೇರೆ ಯಾರೋ ಕೂತರು. ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ನನಗೆ ಆ ಕುರ್ಚಿ ಬೇಕಾಗಿಯೂ ಇರಲಿಲ್ಲ.

ಕೊನೆಯ ವರ್ಷ ತೆರಿಗೆಯದ್ದೇ ಒಂದು ಪಾಠವಿತ್ತು. ಒಂದು ಬೆಳಿಗ್ಗೆ ಪ್ರೊಫೆಸರರು ಡಿಪೆಂಡೆಂಟ್ ನಿಯಮಗಳನ್ನು ಬೋರ್ಡಿನ ಮೇಲೆ ಬರೆದರು. ಇಡೀ ಕ್ಲಾಸಿನಲ್ಲಿ ಆಕಳಿಸದೆ ಕೇಳಿದವಳು ನಾನೊಬ್ಬಳೇ. ಅದು ನಮ್ಮ ಮನೆಯ ಪುರಾಣವಲ್ಲವೇ! ವರ್ಷದ ಯಾವುದಾದರೂ ಐದು ತಿಂಗಳು, ಪ್ರತಿ ತಿಂಗಳೂ ಕೆಲವು ದಿನ ಓದಿದ್ದರೂ ಸಾಕು ಎಂದರು. ನಾನು ಬರೆದುಕೊಳ್ಳುತ್ತಿದ್ದವಳು ಪೆನ್ನು ನಿಲ್ಲಿಸಿದೆ. ಯಾವುದಾದರೂ ಐದು ತಿಂಗಳು? ನಾನು ಬಿಡುತ್ತೇನೆಂದು ಕೂಗಾಡಿದ ಆ ವರ್ಷ ಜನವರಿಯಿಂದ ಮೇವರೆಗೆ ದಿನಾ ಕ್ಲಾಸಿನಲ್ಲಿ ಕೂತಿದ್ದೆನಲ್ಲ! ಫೇಲಾಗಿದ್ದೆ, ಆದರೆ ಫುಲ್‌ಟೈಮ್ ಆಗಿಯೇ ಫೇಲಾಗಿದ್ದೆ. ಆಗಸ್ಟಿನಲ್ಲಿ ಅಪ್ಪ ಬೆರಳು ಮಡಚುವ ಹೊತ್ತಿಗೆ ಅವನ ಫಾರಂನ ಐದು ತಿಂಗಳು ಭರ್ತಿಯಾಗಿ ಮೂರು ತಿಂಗಳೇ ಕಳೆದಿದ್ದವು.

ಅಡಿಟಿಪ್ಪಣಿ ಸಮೇತ ಓದುವವನಿಗೆ ಇದು ಗೊತ್ತಿರಲಿಲ್ಲವೇ?

ಕ್ಲಾಸು ಮುಗಿದ ಕೂಡಲೇ ಅಮ್ಮನಿಗೆ ಫೋನ್ ಮಾಡಿದೆ.

“ಗೊತ್ತಿಲ್ದೆ ಏನು? ಚೆನ್ನಾಗಿ ಗೊತ್ತಿತ್ತು,” ಅಂದಳು ಅಮ್ಮ. “ಅವತ್ತು ನೀನು ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ್ಯಲ್ಲ, ಇವರು ಗ್ಯಾರೇಜಲ್ಲಿ ಸ್ಟೂಲ್ ಮೇಲೆ ಕೂತಿದ್ರು. ‘ಇಷ್ಟು ವರ್ಷ ಸರ್ವೀಸ್ ಮಾಡ್ದೆ, ಇವತ್ತು ಗೊತ್ತಿದ್ದೂ ರಾಂಗ್ ಟಿಕೆಟ್ ಹರಿದೆ ಕಣೇ’ ಅಂದ್ರು. ನಿಂಗೆ ಹೇಳ್ಬೇಡ ಅಂತ ನನ್ ಹತ್ರ ಆಣೆ ಹಾಕಿಸ್ಕೊಂಡಿದಾರೆ. ನಾನು ಹೇಳಿಲ್ಲ, ತಿಳೀತಾ?”

ನಾನು ಅಪ್ಪನನ್ನು ಏನೂ ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.

ಮೇ ತಿಂಗಳಲ್ಲಿ ಹ್ಯೂಸ್ಟನ್ನಿನ ದೊಡ್ಡ ಸಭಾಂಗಣದಲ್ಲಿ ಕಪ್ಪು ನಿಲುವಂಗಿ ತೊಟ್ಟು ವೇದಿಕೆ ದಾಟಿದೆ. ಕೈಗೆ ದಪ್ಪ ರಟ್ಟಿನ ಹೊದಿಕೆಯೊಂದನ್ನು ಕೊಟ್ಟರು. ಹೊರಗೆ ಬಿಸಿಲಿನಲ್ಲಿ ಅಪ್ಪ ಅದನ್ನು ತೆರೆದು ನೋಡಿ ಬೆಚ್ಚಿದ. “ಒಳಗೇನೂ ಇಲ್ವಲ್ಲೇ!”

“ಅಸಲಿದು ಪೋಸ್ಟಲ್ಲಿ ಬರುತ್ತೆ ಅಪ್ಪ. ಎಲ್ಲರಿಗೂ ಹಾಗೇ.”

“ಬರೋ ತನಕ ಆಗಿಲ್ಲ ಅಂತ್ಲೇ ಲೆಕ್ಕ. ಯಾರಿಗೂ ಹೇಳ್ಬೇಡಿ,” ಎಂದು ನಮ್ಮಿಬ್ಬರಿಗೂ ತಾಕೀತು ಮಾಡಿದ. ಫೋಟೋಕ್ಕೂ ನಿಲ್ಲಲಿಲ್ಲ.

ಡಾಲಸ್ಸಿನಲ್ಲಿ ಸಿಕ್ಕ ಕೆಲಸ ಶುರುವಾಗಲು ಎರಡು ತಿಂಗಳಿತ್ತು. ಅಲ್ಲಿಯವರೆಗೆ ಯೂಲೆಸ್ಸಿನಲ್ಲೇ ಇದ್ದೆ. ಅಪ್ಪ ದಿನಾ ಡ್ಯೂಟಿಯಿಂದ ಬಂದವನು ಬಟ್ಟೆ ಬದಲಿಸುವ ಮುಂಚೆ ಅಂಚೆ ಡಬ್ಬಿ ನೋಡುತ್ತಿದ್ದ. ಕರೆಂಟಿನ ಬಿಲ್ಲು, ಹಲ್ಲಿನ ಡಾಕ್ಟರ ಜಾಹೀರಾತು. ಒಂದು ವಾರ, ಎರಡು ವಾರ, ಐದು ವಾರ. ಕಳೆದುಹೋಗಿರಬೇಕು ಎಂದು ಅಪ್ಪ, ಬಿಡ್ತು ಅನ್ನಿ ಎಂದು ಅಮ್ಮ.

ಆರನೇ ವಾರ ಬಂತು. ಮಡಚಬಾರದು ಎಂದು ಬರೆದಿದ್ದ ಅಗಲವಾದ ಲಕೋಟೆ. ಅಪ್ಪ ಅದನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡು, ತುಂಬಿದ ಹಾಲಿನ ಪಾತ್ರೆ ತರುವವನಂತೆ ಒಳಗೆ ಬಂದ. ನನ್ನ ಹೆಸರಿಗೆ ಬಂದದ್ದು, ತಾನು ಒಡೆಯುವ ಹಾಗಿಲ್ಲ ಎಂದ. ನಾನು ಚಾಕುವಿನಿಂದ ಅಂಚು ಸೀಳಿ, ಒಳಗಿನ ಹಾಳೆಯನ್ನು ತೆಗೆದು ನೋಡಿ ಅವನತ್ತ ಚಾಚಿದೆ.

ಅಪ್ಪ ಕೈ ತೊಳೆದು, ಟವೆಲಿನಿಂದ ಎರಡು ಸಲ ಒರೆಸಿಕೊಂಡು ತೆಗೆದುಕೊಂಡ. ಕಿಟಕಿಯ ಬೆಳಕಿಗೆ ಹಿಡಿದು ಮೇಲಿನಿಂದ ಒಂದೊಂದೇ ಅಕ್ಷರ ಓದಿದ. ತುಟಿ ಅಲುಗುತ್ತಿತ್ತು. ನಮ್ಮ ಕಡೆ ಮನೆತನದ ಹೆಸರೆಂಬುದು ಇಲ್ಲ. ಈ ದೇಶಕ್ಕೆ ಬರುವಾಗ ಪಾಸ್‌ಪೋರ್ಟಿನಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಹೆಸರನ್ನೇ ಸೇರಿಸಿದ್ದರು. ಯೂನಿವರ್ಸಿಟಿಯವರು ಎರಡನ್ನೂ ಒಂದೇ ಅಳತೆಯ ದೊಡ್ಡ ಕಪ್ಪು ಅಕ್ಷರಗಳಲ್ಲಿ ಅಚ್ಚು ಹಾಕಿದ್ದರು. ಅಪ್ಪನ ಬೆರಳು ಅಲ್ಲಿಗೆ ಬಂದು, ಕಾಗದಕ್ಕೆ ತಾಗದೆ, ಅದರ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಅಮ್ಮನನ್ನು ಕರೆದ.

“ಏ, ಬಾರೇ ಇಲ್ಲಿ. ಇದ್ರಲ್ಲಿ ನನ್ ಹೆಸರೂ ಹಾಕಿದಾರೆ ಕಣೇ.”